ಸೇರುವ ಮುನ್ನದ ಮಾತು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಸಂಗತಿ ಬೇಗ ಅರ್ಥವಾಗುತ್ತದೆ: ಇಲ್ಲಿ ಯಾರನ್ನೂ ಒಂದೇ ಸಲ ಭೇಟಿಯಾಗಿ ಮುಗಿಯುವುದಿಲ್ಲ. ಹೋದ ವಾರ ಸಂದರ್ಶನ ಮಾಡಿದವರು ಭಾನುವಾರ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಎದುರಾಗುತ್ತಾರೆ. ಬೇಡವೆಂದು ತಿರಸ್ಕರಿಸಿ ಬಂದ ಕೆಲಸದ ಎಚ್‌ಆರ್, ಅಂದರೆ ನೇಮಕಾತಿ ನೋಡಿಕೊಳ್ಳುವವರು, ಕೆಲವು ವರ್ಷಗಳ ಮೇಲೆ ನಮ್ಮದೇ ಕಚೇರಿಗೆ ಬಂದು ಸೇರುತ್ತಾರೆ. ಬೆಂಗಳೂರಿನಲ್ಲಿ ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಹೋಗಬಹುದು. ಇಲ್ಲಿ ಹೋಗುವ ಇನ್ನೊಂದು ಕಡೆಯಲ್ಲೂ ಪರಿಚಯದ ಮುಖವೊಂದು ಇದ್ದೇ ಇರುತ್ತದೆ.

ಆದ್ದರಿಂದಲೇ ನಮ್ಮ ಕಡೆಯ ಹುಡುಗ ಹುಡುಗಿಯರು ಸಂಬಳದ ಮಾತು ಬಂದೊಡನೆ ಮೌನವಾಗುತ್ತಾರೆ. ಕೇಳಿದರೆ ಏನೆಂದುಕೊಳ್ಳುತ್ತಾರೋ, ಮೊದಲ ದಿನವೇ ದುರಾಸೆಯವಳೆಂದು ಹೆಸರು ಬಂದರೆ ಹೇಗೆ, ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡುಬಿಟ್ಟರೆ? ಈ ಅಳುಕು ನನಗೆ ಗೊತ್ತು. ನಾನು ಎಂಜಿನಿಯರಿಂಗ್ ಸೇವೆ ಕೊಡುವ ಸಂಸ್ಥೆಯೊಂದರಲ್ಲಿ ತಂಡ ನಡೆಸುತ್ತೇನೆ, ತಂಡಕ್ಕೆ ಜನರನ್ನು ಆರಿಸುವುದೂ ನನ್ನ ಕೆಲಸ. ಮೇಜಿನ ಆ ಬದಿಯಲ್ಲಿ ಕುಳಿತು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸಂಬಂಧ ಉಳಿಯಬೇಕು ಎನ್ನುವವರೇ ಕೇಳಬೇಕು. ಕೇಳದೆ ಒಪ್ಪಿಕೊಂಡು ಬಂದವರು ಆರೇಳು ತಿಂಗಳಲ್ಲಿ ಟೀ ಅಂಗಡಿಯ ಮುಂದೆ ಪಕ್ಕದ ಮೇಜಿನವನ ಸಂಬಳ ತಿಳಿದುಕೊಳ್ಳುತ್ತಾರೆ. ಅಂದಿನಿಂದ ಅವರ ಕೆಲಸದಲ್ಲಿ ಒಂದು ಬಗೆಯ ಬಿಗುವು ಬರುತ್ತದೆ. ನಾನು ಕೊಡುವ ಪ್ರತಿ ಹೊಸ ಕೆಲಸವೂ ಅವರಿಗೆ ಆ ಲೆಕ್ಕದಲ್ಲಿಯೇ ಕಾಣುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಬ್ಬರಿಗೂ ಗೊತ್ತಿರುತ್ತದೆ. ಸೇರುವ ಮೊದಲು ಹದಿನೈದು ನಿಮಿಷದ ಫೋನಿನಲ್ಲಿ ಮುಗಿಯಬಹುದಾಗಿದ್ದ ವಿಷಯ ಅದು.

ನನ್ನ ಅಕ್ಕನ ಮಗಳಿಗೆ ಈಚೆಗೆ ಹೊಸ ಕೆಲಸದ ಆಫರ್ ಬಂತು. ಅವಳು ಮಂಡ್ಯದವಳು, ಅಲ್ಲಿಯೇ ಎಂಜಿನಿಯರಿಂಗ್ ಓದಿದವಳು, ದಿನವೂ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುತ್ತಾಳೆ. ಫೋನ್ ಮಾಡಿ, "ಚಿಕ್ಕಮ್ಮ, ಒಂಬತ್ತು ಲಕ್ಷ ಕೊಡುತ್ತಾರಂತೆ, ತಿಂಗಳಿಗೆ ಎಪ್ಪತ್ತೈದು ಸಾವಿರ ಬರುತ್ತದೆ, ಸುಮ್ಮನೆ ಒಪ್ಪಿಕೊಂಡುಬಿಡಲೇ?" ಎಂದು ಕೇಳಿದಳು. "ಒಪ್ಪಿಕೊಳ್ಳುವ ಮೊದಲು ಆ ಹಾಳೆಯನ್ನು ಕಳಿಸಮ್ಮ, ಒಟ್ಟಿಗೆ ಓದೋಣ" ಎಂದೆ.

ಆ ಹಾಳೆಯನ್ನು ಓದುವ ಕೆಲಸ ಮೊದಲು ಆಗಬೇಕು. ಅದರಲ್ಲಿ ಬರೆದಿರುವ ಸಿಟಿಸಿ ಎಂಬುದು ನಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ ನಮ್ಮ ಕೈಗೆ ಬಾರದ ಬಾಬತ್ತುಗಳೂ ಸೇರಿರುತ್ತವೆ. ಅವಳ ಒಂಬತ್ತು ಲಕ್ಷದಲ್ಲಿ 90,000 ರೂಪಾಯಿ ವರ್ಷದ ಕೊನೆಗೆ ಸಾಧನೆ ನೋಡಿ ಕೊಡುವ ಹಣ. ಕಂಪನಿಯ ಪಾಲಿನ ಪಿಎಫ್, ಅಂದರೆ ಭವಿಷ್ಯ ನಿಧಿಯ ಹಣ, 21,600. ಪಿಎಫ್ ದರ ಶೇಕಡಾ 12, ಆದರೆ ಹಲವು ಕಂಪನಿಗಳಂತೆ ಇವರೂ ಅದನ್ನು ತಿಂಗಳಿಗೆ 15,000 ರೂಪಾಯಿ ವೇತನದ ಮಿತಿಗೆ ಮಾತ್ರ ಲೆಕ್ಕ ಹಾಕಿದ್ದರು, ಅಂದರೆ ತಿಂಗಳಿಗೆ 1,800. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಹಣದ, ಬಾಬತ್ತು 21,645. ಆರೋಗ್ಯ ವಿಮೆಯ ಕಂತು 12,000. ಇವೆಲ್ಲ ಕಳೆದರೆ ಉಳಿಯುವುದು ವರ್ಷಕ್ಕೆ 7,54,755. ಅದನ್ನು ಹನ್ನೆರಡು ಭಾಗ ಮಾಡಿ, ಅವಳ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಹಿಡಿದುಕೊಂಡರೆ ತಿಂಗಳಿಗೆ ಸುಮಾರು 60,900. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಅದರ ಕಾಟ ಇರಲಿಲ್ಲ. ಆದರೂ ಎಪ್ಪತ್ತೈದು ಸಾವಿರಕ್ಕೂ ಅರವತ್ತೊಂದು ಸಾವಿರಕ್ಕೂ ಎಷ್ಟು ಅಂತರ! ಈ ಲೆಕ್ಕ ಮಾಡದೆ ಹೌದೆಂದವರು ಮೊದಲ ತಿಂಗಳ ಸಂಬಳ ಬಂದಾಗ ಮೋಸಹೋದಂತೆ ಭಾವಿಸುತ್ತಾರೆ. ಕಂಪನಿ ಮೋಸ ಮಾಡಿರುವುದಿಲ್ಲ. ಆದರೂ ಮನಸ್ಸು ಕಹಿಯಾಗುತ್ತದೆ.

ಗ್ರಾಚ್ಯುಟಿಯ ವಿಷಯದಲ್ಲಿ ಇನ್ನಷ್ಟು ಹೇಳಬೇಕು, ಏಕೆಂದರೆ ಅವಳ ಮಾತುಕತೆಯ ಬಹುಮುಖ್ಯ ಅಂಶ ಅಲ್ಲಿಯೇ ಇತ್ತು. ಆಫರ್ ಪತ್ರಗಳಲ್ಲಿ ಅದು ಮೂಲ ವೇತನದ ಶೇಕಡಾ 4.81 ಎಂದು ಕಾಣುತ್ತದೆ. ಆ ವಿಚಿತ್ರ ಸಂಖ್ಯೆ ಬಂದದ್ದು ಒಂದು ಸರಳ ಲೆಕ್ಕದಿಂದ: ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನ. ಹದಿನೈದನ್ನು ಇಪ್ಪತ್ತಾರರಿಂದಲೂ ಹನ್ನೆರಡರಿಂದಲೂ ಭಾಗಿಸಿದರೆ ಸಿಗುವುದು ಅದೇ. 1972ರ ಗ್ರಾಚ್ಯುಟಿ ಕಾಯಿದೆಯ ಕಾಲದಿಂದ ಅದನ್ನು ಪಡೆಯಲು ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ಸಾಕು. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಲೆಕ್ಕಿಸಬೇಕು ಎಂಬುದೂ ಆ ಸಂಹಿತೆಗಳಲ್ಲಿದೆ. ಮೂಲ ವೇತನವನ್ನು ಕಿರಿದಾಗಿಸಿ ಭತ್ಯೆಗಳನ್ನು ಉಬ್ಬಿಸುತ್ತಿದ್ದ ಹಳೆಯ ಆಫರ್‌ಗಳ ಜೊತೆ ಈಗಿನ ಆಫರ್ ಹೋಲಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಟ್ಟು ಮೊತ್ತ ಅಷ್ಟೇ ಇದ್ದರೂ ಕೈಗೆ ಬರುವುದು ಮತ್ತು ಕೂಡಿಡುವುದು ಬೇರೆಯಾಗಬಹುದು.

ನನ್ನ ಅಕ್ಕನ ಮಗಳು ಹಳೆಯ ಕಚೇರಿಗೆ ಕೊಡಬೇಕಾಗಿದ್ದ ನೋಟಿಸ್ ಅರವತ್ತು ದಿನ. ಹೊಸ ಕಚೇರಿ ಅರವತ್ತೊಂದನೆಯ ದಿನವೇ ಬನ್ನಿ ಎಂದಿತ್ತು. ಹಾಗೆ ಹೋದರೆ ಹಳೆಯ ಕಡೆ ಐದು ವರ್ಷ ತುಂಬಲು ಮೂರು ವಾರ ಕಡಿಮೆಯಾಗುತ್ತಿತ್ತು. ಅವಳ ತಿಂಗಳ ಮೂಲ ವೇತನ 26,000. ಐದು ವರ್ಷಕ್ಕೆ ಗ್ರಾಚ್ಯುಟಿ 75,000 ರೂಪಾಯಿ. ಐದನೆಯ ವರ್ಷದ ದಿನಗಳನ್ನು ಹೇಗೆ ಎಣಿಸಬೇಕು ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ. ಆದರೆ ಐದು ವರ್ಷ ದುಡಿದ ಮನೆಯನ್ನು ವಕೀಲರ ನೋಟಿಸ್ ಕೊಟ್ಟು ಬಿಡುವುದಕ್ಕಿಂತ ಹೊಸ ಕಚೇರಿಯಲ್ಲಿ ಮೂರು ವಾರ ಕೇಳುವುದು ಎಷ್ಟೋ ಮೇಲು. ಸೇರುವ ದಿನಾಂಕವನ್ನು ಮುಂದೂಡಿದರೆ ಕಂಪನಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಇಂಥ ಕೋರಿಕೆಗಳನ್ನು ನಮ್ಮವರು ಕೇಳುವುದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಮೊತ್ತದ ಪ್ರಶ್ನೆ. ಇಲ್ಲಿ ಮೈಸೂರಿನವರಿಗೆ ಸಿಗುವ ಸಿದ್ಧ ಉತ್ತರವೊಂದಿದೆ: "ಮೈಸೂರು ತಾನೇ, ಖರ್ಚು ಕಡಿಮೆ." ಈ ಮಾತಿನಲ್ಲಿ ಸತ್ಯವಿದೆ, ಬಾಡಿಗೆ ನಿಜವಾಗಿಯೂ ಕಡಿಮೆ. ಆದರೆ ಎಷ್ಟು ಕಡಿಮೆ ಎಂದು ಅಳೆಯಲು ಸರ್ಕಾರದ್ದೇ ಒಂದು ಅಳತೆಗೋಲು ಇದೆ. ಕೇಂದ್ರ ಸರ್ಕಾರಿ ನೌಕರರ ಮನೆಬಾಡಿಗೆ ಭತ್ಯೆಗೆ ಬೆಂಗಳೂರು ಎಕ್ಸ್ ದರ್ಜೆಯ ನಗರ, ಮೈಸೂರು ವೈ ದರ್ಜೆಯದು. ತುಟ್ಟಿಭತ್ಯೆ ಶೇಕಡಾ 50 ಮುಟ್ಟಿದ ಮೇಲೆ, 2024ರ ಜನವರಿಯಿಂದ ಬೆಂಗಳೂರಿನಲ್ಲಿ ಮೂಲ ವೇತನದ ಶೇಕಡಾ 30, ಮೈಸೂರಿನಲ್ಲಿ 20. ಅಂತರ ಮೂಲ ವೇತನದ ಹತ್ತನೆಯ ಒಂದು ಭಾಗ. ಖಾಸಗಿ ಕಂಪನಿಗಳು ಈ ದರಕ್ಕೆ ಬದ್ಧವಲ್ಲ. ಆದರೂ ಅದೇ ಕೆಲಸಕ್ಕೆ, ಅದೇ ಗ್ರಾಹಕನಿಗೆ, ಬೆಂಗಳೂರಿನ ಸಹೋದ್ಯೋಗಿಗಿಂತ ಕಾಲುಭಾಗ ಕಡಿಮೆ ಕೊಟ್ಟು ಅದಕ್ಕೆ ಬಾಡಿಗೆಯ ಕಾರಣ ಹೇಳಿದರೆ ಲೆಕ್ಕ ಕೂಡುವುದಿಲ್ಲ. ಹಾಗೆಂದು ಇದನ್ನು ವಾದ ಗೆಲ್ಲುವವರ ದನಿಯಲ್ಲಿ ಹೇಳಬಾರದು. "ಬಾಡಿಗೆಯ ವ್ಯತ್ಯಾಸ ನನಗೂ ಒಪ್ಪಿಗೆ. ಆದರೆ ನೀವು ಕೊಡಲಿರುವ ಜವಾಬ್ದಾರಿ ಬೆಂಗಳೂರಿನ ತಂಡದವರದ್ದೇ ಅಲ್ಲವೇ, ಆ ಭಾಗವನ್ನು ಇನ್ನೊಮ್ಮೆ ನೋಡಲು ಸಾಧ್ಯವೇ?" ಎಂದರೆ ಎದುರಿನವರಿಗೆ ಯೋಚಿಸಲು ಜಾಗ ಸಿಗುತ್ತದೆ.

ಯೋಚಿಸಲು ಜಾಗ ಎಂದೆನಲ್ಲ, ನನ್ನ ಪ್ರಕಾರ ಇಡೀ ವಿಷಯದ ತಿರುಳು ಅಲ್ಲಿದೆ. ಕೆ.ಆರ್. ಪೇಟೆ ಕಡೆಯ ಹೇಮಗಿರಿ ಜಾತ್ರೆಗೆ ಅಪ್ಪನ ಜೊತೆ ಹೋಗುತ್ತಿದ್ದಾಗ ಹಳ್ಳಿಕಾರ್ ಎತ್ತುಗಳ ವ್ಯಾಪಾರ ನೋಡುವುದು ನನಗೆ ಬಹಳ ಇಷ್ಟವಾಗುತ್ತಿತ್ತು. ದಲ್ಲಾಳಿ ಟವೆಲ್ ಹಾಸಿ, ಅದರ ಅಡಿಯಲ್ಲಿ ಕೈ ಹಿಡಿದು, ಬೆರಳುಗಳನ್ನು ಒತ್ತಿಯೇ ಬೆಲೆ ಹೇಳುತ್ತಿದ್ದ. ಸುತ್ತ ನೂರು ಜನ ನಿಂತಿದ್ದರೂ ಮೊತ್ತ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಮಾರುವವನು ಇಳಿದರೆ ಇಳಿದನೆಂದು ಯಾರೂ ಆಡಿಕೊಳ್ಳುವಂತಿಲ್ಲ, ಕೊಳ್ಳುವವನು ಹಿಂದೆ ಸರಿದರೆ ದುಡ್ಡಿಲ್ಲದವನೆಂದು ಯಾರೂ ನಗುವಂತಿಲ್ಲ. ವ್ಯಾಪಾರ ಕುದುರದಿದ್ದರೂ ಇಬ್ಬರೂ ಮಾನ ಉಳಿಸಿಕೊಂಡು ಅದೇ ಜಾತ್ರೆಯಲ್ಲಿ ಮರುದಿನ ಮಾತನಾಡಬಹುದಿತ್ತು. ಕೆಲಸದ ಮಾತುಕತೆಯಲ್ಲಿಯೂ ನಮಗೆ ಬೇಕಾದದ್ದು ಆ ಟವೆಲ್. ಅದಕ್ಕೇ ನಾನು ಮೊದಲು ಇಮೇಲ್ ಕಳಿಸಬೇಡ, ಫೋನ್ ಮಾಡು ಎನ್ನುತ್ತೇನೆ. ಇಮೇಲಿನಲ್ಲಿ ಒಂದು ಸಲ "ಸಾಧ್ಯವಿಲ್ಲ" ಎಂದು ಬರೆದ ಎಚ್‌ಆರ್ ಅದರ ಪ್ರತಿಯನ್ನು ನಾಲ್ಕು ಜನರಿಗೆ ಕಳಿಸಿರುತ್ತಾರೆ, ಆಮೇಲೆ ತಮ್ಮ ಮಾತಿನಿಂದ ಹಿಂದೆ ಬರುವುದು ಕಷ್ಟ. ಫೋನಿನಲ್ಲಾದರೆ "ನೋಡುತ್ತೇನೆ, ಕೇಳಿ ಹೇಳುತ್ತೇನೆ" ಎನ್ನಬಹುದು. ಒಪ್ಪಿಗೆಯಾದ ಮೇಲೆ ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಬೇಕು, ಅದರಲ್ಲಿ ದಾಕ್ಷಿಣ್ಯ ಬೇಡ.

ಎದುರು ಬದಿಯಲ್ಲಿ ಏನು ನಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ಎಚ್‌ಆರ್ ಅವರ ಕೈಯಲ್ಲಿ ಆ ಹುದ್ದೆಗೆ ಒಂದು ಕನಿಷ್ಠ, ಒಂದು ಗರಿಷ್ಠ ಇರುತ್ತದೆ. ಅದನ್ನು ಮೀರಬೇಕಾದರೆ ಬೇರೊಬ್ಬರ ಸಹಿ ಬೇಕು. ನನ್ನಂಥ ತಂಡದ ಮುಖ್ಯಸ್ಥರಿಗೆ ಹಣದ ಅಧಿಕಾರವಿಲ್ಲ, ಆದರೆ "ಇವಳೇ ಬೇಕು, ಈ ಕಾರಣಕ್ಕೆ" ಎಂದು ಮೇಲಿನವರಿಗೆ ಬರೆಯಬಹುದು. ಆ ಕಾರಣವನ್ನು ಅಭ್ಯರ್ಥಿಯೇ ನನಗೆ ಕೊಡಬೇಕು. "ಸ್ವಲ್ಪ ಹೆಚ್ಚು ಮಾಡಿ ಮೇಡಂ" ಎಂಬುದನ್ನು ನಾನು ಎಲ್ಲಿಗೂ ಬರೆದು ಕಳಿಸಲಾರೆ. "ಮೂರು ವರ್ಷದಿಂದ ಇದೇ ಬಗೆಯ ಪರೀಕ್ಷಾ ವ್ಯವಸ್ಥೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ, ಬಂದ ತಿಂಗಳೇ ಕೆಲಸ ಹಿಡಿಯಬಲ್ಲೆ, ಹತ್ತು ಲಕ್ಷ ನನ್ನ ನಿರೀಕ್ಷೆ" ಎಂದರೆ ಅದೇ ವಾಕ್ಯವನ್ನು ಮುಂದಕ್ಕೆ ಕಳಿಸುತ್ತೇನೆ. ಒಂದೇ ಸಂಖ್ಯೆ ಹೇಳಬೇಕು. ಒಂಬತ್ತರಿಂದ ಹನ್ನೊಂದರ ನಡುವೆ ಎಂದರೆ ಕೇಳುವವರ ಕಿವಿಗೆ ಬೀಳುವುದು ಒಂಬತ್ತು ಮಾತ್ರ. ಕೇಳುವುದೆಲ್ಲವನ್ನೂ ಒಂದೇ ಸಲ ಕೇಳಬೇಕು. ಸೋಮವಾರ ಸಂಬಳ, ಬುಧವಾರ ರಜೆ, ಶುಕ್ರವಾರ ಲ್ಯಾಪ್‌ಟಾಪ್ ಎಂದು ಕಂತಿನಲ್ಲಿ ಬರುವ ಬೇಡಿಕೆ ಎಷ್ಟು ಸಣ್ಣದಾದರೂ ತಾಳ್ಮೆ ಕೆಡಿಸುತ್ತದೆ. ಪ್ರತಿ ಸಲವೂ ಎಚ್‌ಆರ್ ಒಬ್ಬರ ಮುಂದೆ ಹೋಗಿ ನಿಲ್ಲಬೇಕಲ್ಲ.

ನ್ಯಾಯವಾಗಿ ಕೇಳಿದವರ ಮೇಲೆ ನನಗೆ ಎಂದೂ ಬೇಸರ ಬಂದಿಲ್ಲ. ಬೇಸರ ತರುವ ಸಂಗತಿಗಳು ಬೇರೆ. ಒಂದು, ಸುಳ್ಳು. ಈಗಿನ ಸಂಬಳವನ್ನು ಉಬ್ಬಿಸಿ ಹೇಳುವವರು ಕೊನೆಯ ಮೂರು ತಿಂಗಳ ಪೇಸ್ಲಿಪ್ ಕೇಳಿದಾಗ ಸಿಕ್ಕಿಬೀಳುತ್ತಾರೆ. 2014ರಿಂದ ಪಿಎಫ್ ಖಾತೆಗಳಿಗೆ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಒಂದೇ ಸಂಖ್ಯೆ, ಬಂದಿರುವುದರಿಂದ ಎಲ್ಲಿ ಎಷ್ಟು ದಿನ ದುಡಿದಿರಿ ಎಂಬುದೂ ಮುಚ್ಚಿಡಲಾಗದು. ಇಲ್ಲದ ಇನ್ನೊಂದು ಆಫರನ್ನು ಇದೆ ಎಂದು ಹೇಳುವುದೂ ಅಷ್ಟೇ ಕೆಟ್ಟದ್ದು. ಇದ್ದರೆ ಧಾರಾಳವಾಗಿ ಹೇಳಿ, "ನನ್ನ ಮನಸ್ಸು ನಿಮ್ಮ ಕಡೆ ಇದೆ, ಈ ಅಂತರ ಸ್ವಲ್ಪ ತಗ್ಗಿದರೆ ಇಂದೇ ಒಪ್ಪುತ್ತೇನೆ" ಎನ್ನಿ. ಎನ್ನುವುದಾದರೆ, ತಗ್ಗಿಸಿದ ಮೇಲೆ ಒಪ್ಪಲೇಬೇಕು. ಒಪ್ಪಿಕೊಂಡು, ಆ ಪತ್ರವನ್ನು ಹಿಡಿದು ಇನ್ನೂ ಎರಡು ಕಡೆ ಅಲೆದು, ಸೇರುವ ದಿನ ಬೆಳಿಗ್ಗೆ ಫೋನ್ ಎತ್ತದವರಿದ್ದಾರೆ. ಅವರಿಗಾಗಿ ಕಾದು ಉಳಿದವರನ್ನು ಬೇಡವೆಂದು ಕಳಿಸಿದ್ದ ನನ್ನ ತಂಡ ಮತ್ತೆ ತಿಂಗಳುಗಟ್ಟಲೆ ಹೆಚ್ಚಿನ ಹೊರೆ ಹೊರುತ್ತದೆ.

ಇನ್ನೊಂದು, ವಶೀಲಿ. ಇದರ ಬಗ್ಗೆ ನಮ್ಮಲ್ಲಿ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ಆಫರ್ ಬಂದೊಡನೆ ಮಾವನ ಸ್ನೇಹಿತರು, ಊರಿನ ಮುಖಂಡರು, ನಮ್ಮ ಕಡೆಯವರೇ ಆದ ನಿರ್ದೇಶಕರು ಎಂದು ಹುಡುಕಿ, ಮೇಲಿನಿಂದ ಹೇಳಿಸುವುದು. ಮನೆಯ ಹಿರಿಯರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ, ಮಗಳಿಗೆ ಒಳ್ಳೆಯದಾಗಲಿ ಎಂದೇ ಮಾಡುತ್ತಾರೆ. ಅದು ಫಲವನ್ನೂ ಕೊಡಬಹುದು, ಐವತ್ತು ಸಾವಿರ ಹೆಚ್ಚಾಗಬಹುದು. ಆದರೆ ಆ ಫೋನ್ ಬಂದ ದಿನದಿಂದ ತಂಡದ ಮುಖ್ಯಸ್ಥರಿಗೆ ಅವಳ ಮೇಲಿನ ನಂಬಿಕೆಯಲ್ಲಿ ಬಿರುಕು ಬಿಡುತ್ತದೆ. ನಾಳೆ ಅವಳ ಕೆಲಸದಲ್ಲಿ ತಪ್ಪು ಕಂಡರೆ ನೇರವಾಗಿ ಹೇಳಬಹುದೇ, ಅದಕ್ಕೂ ಮೇಲಿನಿಂದ ಫೋನ್ ಬರುತ್ತದೆಯೇ? ಅವಳು ಸ್ವಂತ ಯೋಗ್ಯತೆಯಿಂದ ಪಡೆದ ಬಡ್ತಿಯನ್ನೂ ಉಳಿದವರು ಅದೇ ಕಣ್ಣಿನಿಂದ ನೋಡುತ್ತಾರೆ. ಹಿರಿಯರಿಗೆ ಕೈಮುಗಿದು, "ಇದೊಂದನ್ನು ನನಗೆ ಬಿಡಿ" ಎಂದು ಕೇಳಿಕೊಳ್ಳಬೇಕು.

ತಪ್ಪೆಲ್ಲ ಅಭ್ಯರ್ಥಿಗಳ ಕಡೆಯೇ ಇಲ್ಲ. "ಇಂದು ಸಂಜೆಯೊಳಗೆ ಹೇಳಿ, ಇಲ್ಲದಿದ್ದರೆ ಆಫರ್ ರದ್ದು" ಎನ್ನುವ ಕಚೇರಿಗಳಿವೆ. ಹೆಣ್ಣುಮಕ್ಕಳ ಬಳಿ ಸಂಬಳದ ಮಾತಿನ ನಡುವೆ ಮದುವೆ ಯಾವಾಗ ಎಂದು ಕೇಳುವವರಿದ್ದಾರೆ. ಸಮಾನ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಸಮಾನ ವೇತನ ಎಂಬ ಕಾನೂನು 1976ರಲ್ಲಿಯೇ ಬಂದಿತ್ತು, ಈಗ ವೇತನ ಸಂಹಿತೆಯಲ್ಲಿಯೂ ಅದು ಇದೆ. ಆ ಪ್ರಶ್ನೆಗೆ "ಈ ಹುದ್ದೆಯ ಕೆಲಸವನ್ನು ನಾನು ಪೂರ್ತಿಯಾಗಿ ಮಾಡಬಲ್ಲೆ" ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋಗಬಹುದು. ಮರ್ಯಾದೆಯಿಂದ ಕೇಳಿದ ಒಂದೇ ಕಾರಣಕ್ಕೆ ಆಫರ್ ಹಿಂತೆಗೆದುಕೊಳ್ಳುವ ಕಂಪನಿ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾರೆ. ಅಂಥ ಕಂಪನಿ ಕೈತಪ್ಪಿದ್ದೇ ಒಳ್ಳೆಯದು ಎಂದು ಸಮಾಧಾನ ಹೇಳುವುದು ಸುಲಭ. ಮನೆಯ ಸಾಲದ ಕಂತು ಕಟ್ಟಬೇಕಾದವರಿಗೆ, ಆರು ತಿಂಗಳಿಂದ ಕೆಲಸವಿಲ್ಲದವರಿಗೆ ಆ ಸಮಾಧಾನ ಹೊಟ್ಟೆ ತುಂಬಿಸುವುದಿಲ್ಲ. ಅವರು ಮೊತ್ತದ ವಿಷಯ ಬಿಟ್ಟು ಸಮಯ, ಸ್ಥಳ, ಆರು ತಿಂಗಳಿಗೊಂದು ಪರಿಶೀಲನೆ ಇವುಗಳನ್ನು ಕೇಳಲಿ. ಅದರಲ್ಲಿ ಅಪಾಯ ತೀರಾ ಕಡಿಮೆ.

ಸಮಯ ಎಂಬುದು ಮಂಡ್ಯದಿಂದ ಬರುವವರಿಗೆ ಹಣಕ್ಕಿಂತ ದೊಡ್ಡದು. ಮಂಡ್ಯಕ್ಕೂ ಮೈಸೂರಿಗೂ ನಡುವೆ ಸುಮಾರು 45 ಕಿಲೋಮೀಟರ್. ರೈಲು ನಿಲ್ದಾಣದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಮತ್ತೊಂದು ಬಸ್. ಕಚೇರಿಯ ಹಾಜರಾತಿ ಅರ್ಧ ಗಂಟೆ ಮುಂಚೆ ಇದ್ದರೆ ಹಿಂದಿನ ರೈಲು ಹಿಡಿಯಬೇಕು, ಹಿಂದಿನ ರೈಲಿಗೆ ಮನೆಯಲ್ಲಿ ನಸುಕಿನಲ್ಲಿಯೇ ಏಳಬೇಕು, ಅಕ್ಕ ಅದಕ್ಕೂ ಮುಂಚೆ ಎದ್ದು ಡಬ್ಬಿ ಕಟ್ಟಬೇಕು. ಅರ್ಧ ಗಂಟೆಯ ಸಡಿಲಿಕೆ ಇಡೀ ಮನೆಯ ನಿದ್ರೆಯನ್ನು ಉಳಿಸುತ್ತದೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಬೇಕು. ಹೇಳಿದ ಮುಖ್ಯಸ್ಥರು ನಾಳೆ ಬೇರೆ ಕಡೆ ಹೋದರೆ ಬಾಯಿಮಾತು ಅವರ ಜೊತೆಯೇ ಹೋಗುತ್ತದೆ.

ಅವಳು ಎರಡು ದಿನ ಸಮಯ ಕೇಳಿ, ಮೂರನೆಯ ದಿನ ಫೋನ್ ಮಾಡಿದಳು. ಮೊದಲು ಧನ್ಯವಾದ ಹೇಳಿ, ಈ ಕೆಲಸ ತನಗೆ ಯಾಕೆ ಇಷ್ಟವಾಯಿತು ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿದಳು. ಆಮೇಲೆ ಮೂರು ಕೋರಿಕೆಗಳನ್ನು ಒಟ್ಟಿಗೆ ಇಟ್ಟಳು: ಒಟ್ಟು ಮೊತ್ತ ಹತ್ತು ಲಕ್ಷ, ಸೇರಲು ಮೂರು ವಾರ ಹೆಚ್ಚು, ಹಾಜರಾತಿ ಅರ್ಧ ಗಂಟೆ ತಡ. ಮೊತ್ತ ಕಷ್ಟವಾದರೆ ಉಳಿದ ಎರಡು ತನಗೆ ಹೆಚ್ಚು ಮುಖ್ಯ ಎಂದೂ ಮುಚ್ಚಿಡದೆ ಹೇಳಿದಳು. ಹಾಗೆ ಹೇಳಿದರೆ ಪಟ್ಟು ಸಡಿಲವಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಂದೆ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಬೇಕಾದವರ ಮುಂದೆ ಯಾವುದು ಮುಖ್ಯ ಎಂದು ತೆರೆದು ಹೇಳಿದರೆ, ಅವರಿಗೆ ಕೊಡಲು ಸಾಧ್ಯವಾಗುವಂಥದ್ದು ಏನೋ ಒಂದು ಕಾಣುತ್ತದೆ.

ಒಂದು ವಾರದ ಮೇಲೆ ಉತ್ತರ ಬಂತು. ದಿನಾಂಕ, ಸಮಯ ಎರಡಕ್ಕೂ ಒಪ್ಪಿಗೆ, ಮೊತ್ತ ಒಂಬತ್ತು ಲಕ್ಷದ ನಲವತ್ತು ಸಾವಿರ. ಅದಕ್ಕಿಂತ ಮೇಲೆ ಹೋಗಲು ಆ ಹುದ್ದೆಯ ಮಿತಿ ಬಿಡುವುದಿಲ್ಲ ಎಂದು ಎಚ್‌ಆರ್ ವಿವರಿಸಿದರು. "ಇನ್ನೊಂದು ಸಲ ಕೇಳಲೇ ಚಿಕ್ಕಮ್ಮ?" ಎಂದಳು. ಬೇಡ ಎಂದೆ. ಕಾರಣ ಹೇಳಿ ನಿರಾಕರಿಸಿದವರನ್ನು ಮತ್ತೆ ಒತ್ತಿದರೆ ಅವರ ಮಾತನ್ನು ನಂಬಲಿಲ್ಲ ಎಂದೇ ಅರ್ಥ. ಅದರ ಬದಲು ಆರು ತಿಂಗಳ ಮೇಲೆ ಕೆಲಸ ನೋಡಿ ಮೊತ್ತವನ್ನು ಪರಿಶೀಲಿಸುವುದಾಗಿ ಒಂದು ಸಾಲು ಬರೆದುಕೊಡಲು ಕೇಳಿದಳು. ಬರೆದುಕೊಟ್ಟರು. ಅಂದೇ ಸಹಿ ಮಾಡಿ ಕಳಿಸಿ, ತನ್ನ ಪ್ರೊಫೈಲ್ ಹಾಕಿದ್ದ ಉದ್ಯೋಗ ತಾಣದಿಂದ ಹೆಸರು ತೆಗೆದಳು.

ಹಳೆಯ ಕಚೇರಿಯಲ್ಲಿ ರಾಜೀನಾಮೆಯನ್ನು ಕಂಪ್ಯೂಟರಿನಲ್ಲಿ ಹಾಕುವ ಮೊದಲು ತನ್ನ ಮ್ಯಾನೇಜರ್ ಬಳಿ ಹೋಗಿ ಹೇಳಿದಳು. ಅವರು ಅಲ್ಲಿಯೇ ಹತ್ತು ಲಕ್ಷ ಕೊಡಿಸುತ್ತೇನೆ, ಇರು ಎಂದರಂತೆ. ಮಾತು ಕೊಟ್ಟಾಗಿದೆ ಸರ್ ಎಂದು ಹೇಳಿ, ನೋಟಿಸ್ ಅವಧಿಯಲ್ಲಿ ಯಾರಿಗೆ ಯಾವ ಕೆಲಸ ಒಪ್ಪಿಸಬೇಕು ಎಂಬ ಪಟ್ಟಿಯನ್ನು ಅವರ ಮುಂದಿಟ್ಟಳು. ಈಗ ಹೊಸ ಕಡೆ ಎರಡನೆಯ ತಿಂಗಳು. ಆರು ತಿಂಗಳ ಪರಿಶೀಲನೆಗೆ ಬೇಕಾಗುತ್ತದೆಂದು ಪ್ರತಿ ಶುಕ್ರವಾರ ಆ ವಾರ ಮುಗಿಸಿದ ಕೆಲಸಗಳನ್ನು ನಾಲ್ಕು ಸಾಲಿನಲ್ಲಿ ಬರೆದಿಡುತ್ತಿದ್ದಾಳೆ, ತಿಂಗಳಿಗೊಮ್ಮೆ ಅದನ್ನು ಹೊಸ ಮುಖ್ಯಸ್ಥರಿಗೂ ಕಳಿಸುತ್ತಾಳೆ.